ಶಾಲೆ ತೆಗೆಯೋದಾ, ಮುಚ್ಚಿಡೋದಾ? ಕೋವಿಡ್ ಕಾಲದ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ಕರ್ನಾಟಕದಲ್ಲಿ ಲಾಕ್‌ಡೌನ್ ಆದ ಮೇಲೆ ಯಾವುದು ಯಾವಾಗ ಬಾಗಿಲು ತೆಗೆಯಿತು ಅಂತ ಒಮ್ಮೆ ಸಾಲಾಗಿ ನೋಡಿ. ಮದ್ಯದಂಗಡಿ 2020ರ ಮೇ 4ಕ್ಕೆ. ದೇವಸ್ಥಾನ, ಹೋಟೆಲ್, ಮಾಲ್ ಜೂನ್ 8ಕ್ಕೆ. ಸಿನಿಮಾ ಥಿಯೇಟರ್ ಅದೇ ವರ್ಷ ಅಕ್ಟೋಬರ್ ಮಧ್ಯಕ್ಕೆ. ಒಂದರಿಂದ ಐದನೇ ಕ್ಲಾಸು? 2021ರ ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಮೊದಲ ಸಲ ಕ್ಲಾಸಿನಲ್ಲಿ ಕೂತಾಗ ಅದು ಆಗಲೇ ಎರಡನೇ ಕ್ಲಾಸು, ಅದರಲ್ಲೂ ಅರ್ಧ ವರ್ಷದ ಹತ್ತಿರ ಮುಗಿದುಹೋಗಿತ್ತು.

ಈಗ ಇದನ್ನು ಕೆದಕೋದು ಯಾಕೆ ಅಂದರೆ, ಇನ್ನೊಂದು ಸಾಂಕ್ರಾಮಿಕ ಬಂದರೆ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಆಗ ಎಸ್‌ಡಿಎಂಸಿ (ಸರ್ಕಾರಿ ಶಾಲೆ ನೋಡಿಕೊಳ್ಳೋ ಪೋಷಕರ ಸಮಿತಿ) ಸಭೆಯಲ್ಲಿ, ಅಪಾರ್ಟ್‌ಮೆಂಟಿನ ಪೋಷಕರ ಗ್ರೂಪಿನಲ್ಲಿ, ಹೆಡ್‌ಮೇಷ್ಟ್ರ ರೂಮಿನಲ್ಲಿ ಮತ್ತೆ ಅದೇ 'ತೆಗೀಬೇಕು', 'ಬೇಡಪ್ಪಾ' ಅನ್ನೋ ಜಗಳ. ನಿಜ ಹೇಳಬೇಕು ಅಂದರೆ ಆಗ ನಮ್ಮ ಮುಂದೆ ಐದಾರು ದಾರಿ ಇದ್ದವು, ಅಷ್ಟನ್ನೂ ನಮ್ಮಲ್ಲೋ ಪಕ್ಕದ ರಾಜ್ಯದಲ್ಲೋ ಹೊರದೇಶದಲ್ಲೋ ಯಾರಾದರೂ ಮಾಡಿ ನೋಡಿದ್ದಾರೆ. ಅವನ್ನು ಹೋಲಿಸಿ ನೋಡೋಣ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಚಿಕ್ಕ ಮಕ್ಕಳ ಶಾಲೆಯನ್ನು ಕೊನೆಗೆ ಮುಚ್ಚಬೇಕು, ಮೊದಲು ತೆಗೆಯಬೇಕು, ಮತ್ತೆ ಆ ತೀರ್ಮಾನ ಆದಷ್ಟೂ ಊರಿನ ಹತ್ತಿರವೇ ಆಗಬೇಕು. ಒಪ್ಪದೇ ಇರೋರು ಇದ್ದೀರಿ ಅಂತ ಗೊತ್ತು, ಪೂರ್ತಿ ಓದಿ ಆಮೇಲೆ ಬೈಯಿರಿ.

ರೋಗ ಯಾರನ್ನು ಹೊಡೆಯುತ್ತಿದೆ?

ಇದು ಗೊತ್ತಾಗದೆ ಯಾವ ಹೋಲಿಕೆಯೂ ನಡೆಯೋದಿಲ್ಲ. 2009ರ ಎಚ್1ಎನ್1, ಅಂದರೆ ಹಂದಿಜ್ವರ, ನೆನಪಿದೆಯಾ? ದೇಶದಲ್ಲಿ ಅದಕ್ಕೆ ಮೊದಲು ಬಲಿಯಾದದ್ದು ಪುಣೆಯ ಹದಿನಾಲ್ಕು ವರ್ಷದ ಶಾಲಾ ಹುಡುಗಿ. ಆ ಜ್ವರ ಮಕ್ಕಳಲ್ಲಿ, ಯುವಕರಲ್ಲಿ ಜೋರಾಗಿ ಹರಡುತ್ತಿತ್ತು. ಪುಣೆಯಲ್ಲಿ ಆಗಸ್ಟ್ ತಿಂಗಳಲ್ಲಿ ಒಂದು ವಾರ ಶಾಲೆ ಮುಚ್ಚಿದ್ದಕ್ಕೆ ಅರ್ಥ ಇತ್ತು.

ಕೋವಿಡ್ ಹಾಗಿರಲಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆ ಬಿಪಿ ಇದ್ದವರು ಹೋದರು. ಮಕ್ಕಳಿಗೆ ಸೋಂಕು ತಗುಲಿದರೂ ಹೆಚ್ಚಿನವರಿಗೆ ಶೀತ ಜ್ವರದಲ್ಲೇ ಮುಗಿಯಿತು. ಕೆಲವು ಮಕ್ಕಳಿಗೆ ವಾಸಿಯಾದ ಮೇಲೆ ಮೈಯೆಲ್ಲ ಉರಿಯೂತ ಬರೋ ತೊಂದರೆ ಕಾಣಿಸಿಕೊಂಡು ಐಸಿಯುವರೆಗೆ ಹೋದದ್ದು ನಿಜ, ಅದನ್ನು ಹಗುರಾಗಿ ತಗೋಬಾರದು, ಆದರೆ ಅದು ಅಪರೂಪ.

2020ರ ಮಾರ್ಚಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆಗ ಮುಚ್ಚಿದ್ದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಹೊಸ ರೋಗ, ಗೊತ್ತಿಲ್ಲದ ರೋಗ, ಮೊದಲ ಕೆಲವು ವಾರ ಬಾಗಿಲು ಹಾಕೋದೇ ಸರಿ. ನನ್ನ ತಕರಾರು ಅದರ ನಂತರದ ಒಂದೂವರೆ ವರ್ಷದ ಬಗ್ಗೆ. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಾಲ್ಕನೇ ಸಲ ರಕ್ತ ಪರೀಕ್ಷೆಯ ಸಮೀಕ್ಷೆ ಮಾಡಿದಾಗ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2 ಮಂದಿಗೆ, 10ರಿಂದ 17ರವರಲ್ಲಿ ಶೇ 61.6 ಮಂದಿಗೆ ಪ್ರತಿಕಾಯ ಸಿಕ್ಕಿತು. ಅಂದರೆ ಶಾಲೆಗೆ ಬೀಗ ಹಾಕಿದ್ದಾಗಲೇ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಸೋಂಕು ಬಂದು ಹೋಗಿತ್ತು! ಮನೆಯಲ್ಲಿ, ಮದುವೆಯಲ್ಲಿ, ಬೀದಿಯಲ್ಲಿ ಎಲ್ಲೋ ತಗುಲಿತ್ತು. ಬೀಗ ಏನನ್ನೂ ತಡೆಯಲಿಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಶಾಲೆ ಮುಚ್ಚಿದ್ದರೆ ಮಗು ಸೇಫ್ ಅನ್ನೋ ನಂಬಿಕೆ ಇತ್ತಲ್ಲ, ಅದು ಆ ಲೆಕ್ಕದ ಮುಂದೆ ನಿಲ್ಲೋದಿಲ್ಲ.

ಮುಚ್ಚಿಟ್ಟು, ಫೋನು–ಟಿವಿಯಲ್ಲಿ ಪಾಠ

ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಸುರಕ್ಷಿತ. ನಮ್ಮಲ್ಲಿ ಇದರ ಶುರುವೇ ಗೊಂದಲ. 2020ರ ಜೂನಿನಲ್ಲಿ ಸರ್ಕಾರ ಮೊದಲು ಐದನೇ ಕ್ಲಾಸಿನವರೆಗೆ, ಆಮೇಲೆ ಏಳರವರೆಗೆ ಆನ್‌ಲೈನ್ ಪಾಠವನ್ನೇ ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ಪಾಠ ಬಂತು, ಹೈಸ್ಕೂಲಿನವರಿಗೆ ಅದರಿಂದ ಉಪಯೋಗವೂ ಆಯಿತು. ಪಕ್ಕದ ಕೇರಳದವರು 2020ರ ಜೂನ್ 1ಕ್ಕೇ ವಿಕ್ಟರ್ಸ್ ಚಾನೆಲ್ಲಿನಲ್ಲಿ 'ಫಸ್ಟ್ ಬೆಲ್' ಅನ್ನೋ ಟಿವಿ ಪಾಠ ಶುರು ಮಾಡಿದ್ದರು. ಟಿವಿ ಇಲ್ಲದ ಮಕ್ಕಳಿಗಾಗಿ ವಾಚನಾಲಯಗಳಲ್ಲಿ ವ್ಯವಸ್ಥೆ ಮಾಡಿದರು. ಆದರೂ ಅಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದದ್ದು 2021ರ ನವೆಂಬರ್ 1ಕ್ಕೆ, ಟಿವಿ ಎಷ್ಟು ಚೆನ್ನಾಗಿದ್ದರೂ ಅದು ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸೋದಿಲ್ಲ.

ಇನ್ನು ಫೋನು. ಒಂದು ಕೂಲಿ ಕುಟುಂಬದ ದಿನ ನೋಡಿ. ಮನೆಗೆ ಇರೋದು ಒಂದೇ ಸ್ಮಾರ್ಟ್‌ಫೋನು, ಅದು ಅಪ್ಪನ ಜೇಬಿನಲ್ಲಿ. ಬೆಳಿಗ್ಗೆ ಏಳಕ್ಕೆ ಅಪ್ಪ ಕೆಲಸಕ್ಕೆ, ಫೋನೂ ಅವರ ಜೊತೆ. ರಾತ್ರಿ ಎಂಟಕ್ಕೆ ವಾಪಸು ಬಂದಾಗ ವಾಟ್ಸಾಪಿನಲ್ಲಿ ಟೀಚರ್ ಕಳಿಸಿದ ವಿಡಿಯೋ ಹಾಗೇ ಕೂತಿರುತ್ತೆ, ಡೇಟಾ ಖಾಲಿ, ಚಾರ್ಜು ಮುಗಿಯೋಕೆ ಬಂದಿದೆ. ಅಕ್ಕನಿಗೆ ಒಂಬತ್ತನೇ ಕ್ಲಾಸು, ತಮ್ಮನಿಗೆ ಎರಡನೇದು. ಯಾರಿಗೆ ಸಿಗುತ್ತೆ ಫೋನು? ಅಕ್ಕನಿಗೆ, ಅದೂ ಅಪ್ಪ ಊಟ ಮುಗಿಸೋವರೆಗೆ. ತಮ್ಮ ಹೋಮ್‌ವರ್ಕ್ ಬರೆದು ಫೋಟೋ ಕಳಿಸಬೇಕು, ಆ ಫೋಟೋದಲ್ಲಿರೋ ಅಕ್ಷರ ಅಕ್ಕನದು. ಟೀಚರಿಗೂ ಅದು ಗೊತ್ತು, 'ಗುಡ್' ಅಂತ ಹಾಕಿ ಸುಮ್ಮನಾಗುತ್ತಾರೆ.

ಇನ್ನು ಮಲೆನಾಡು, ಕರಾವಳಿಯ ಕಥೆ ಬೇರೆ. ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿ ಕೂತು ಕ್ಲಾಸು ಕೇಳುತ್ತಿದ್ದರೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಫೋಟೋ 2021ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ. ಕೊಡಗಿನಲ್ಲಿ ಒಬ್ಬ ಮೇಷ್ಟ್ರು ನೆಟ್‌ವರ್ಕಿಗೋಸ್ಕರ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದರು. ನಾವೆಲ್ಲ ಶೇರ್ ಮಾಡಿ ಚಪ್ಪಾಳೆ ತಟ್ಟಿದೆವು. ಅವರ ಶ್ರಮ ದೊಡ್ಡದೇ, ಆದರೆ ಮರ ಹತ್ತಿ ಪಾಠ ಮಾಡಬೇಕಾದ ವ್ಯವಸ್ಥೆಗೂ ಚಪ್ಪಾಳೆ ಹೊಡೆದೆವಲ್ಲ ಅಂತ ಈಗ ಅನ್ನಿಸುತ್ತದೆ.

ಫಲಿತಾಂಶ ಏನಾಯಿತು? 2021ರ ಆಗಸ್ಟಿನಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಡ್ರೀಜ್, ರೀತಿಕಾ ಖೇರಾ ಮತ್ತಿತರರು ಹದಿನೈದು ರಾಜ್ಯ–ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ಸಮೀಕ್ಷೆ ಮಾಡಿಸಿದರು. ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನಿನಲ್ಲಿ ಓದುತ್ತಿದ್ದವರು ಶೇ 8. ಏನೂ ಓದದೇ ಇದ್ದವರು ಶೇ 37. ಅಜೀಂ ಪ್ರೇಮ್‌ಜಿ ಫೌಂಡೇಶನ್ 2021ರ ಜನವರಿಯಲ್ಲಿ ನಮ್ಮ ರಾಜ್ಯವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ನೋಡಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೂ ಒಂದು ಕೌಶಲವನ್ನಾದರೂ ಶೇ 92 ಮಕ್ಕಳು ಮರೆತಿದ್ದರು. ಇದು ಮುಂದಕ್ಕೆ ಹೋಗದ ಲೆಕ್ಕ ಅಷ್ಟೇ ಅಂದುಕೋಬೇಡಿ, ಇದ್ದದ್ದೂ ಹೋಯಿತು. ನಮ್ಮ ರಾಜ್ಯದ್ದೇ ಬೇಕು ಅಂದರೆ ಹಳ್ಳಿ ಮಕ್ಕಳ ಕಲಿಕೆ ಅಳೆಯೋ ಅಸರ್ ಸಮೀಕ್ಷೆ ಇದೆ: ಮೂರನೇ ಕ್ಲಾಸಿನಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮಕ್ಕಳು 2018ರಲ್ಲಿ ಶೇ 19.2 ಇದ್ದರು, 2021ರಲ್ಲಿ ಶೇ 9.8. ಮೊದಲೇ ಕಮ್ಮಿ, ಅದರಲ್ಲೂ ಅರ್ಧ.

ಹಾಗಾದರೆ ಈ ದಾರಿ ಯಾರಿಗೆ ಆಗುತ್ತೆ? ಪಿಯು, ಡಿಗ್ರಿ ಮಕ್ಕಳಿಗೆ, ಸ್ವಂತ ಫೋನು ಇರೋ ನಗರದ ಹೈಸ್ಕೂಲಿನವರಿಗೆ, ಅದೂ ಕೆಲವು ತಿಂಗಳ ಮಟ್ಟಿಗೆ. ಒಂದರಿಂದ ಮೂರನೇ ಕ್ಲಾಸಿಗೆ ಖಂಡಿತ ಆಗೋದಿಲ್ಲ.

ವಿದ್ಯಾಗಮ

2020ರ ಆಗಸ್ಟಿನಲ್ಲಿ ಶುರುವಾದ ಈ ಯೋಜನೆಯಲ್ಲಿ ಮೇಷ್ಟ್ರುಗಳೇ ಊರೊಳಗೆ ಹೋದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನ, ಯಾರದೋ ಮನೆಯ ಅಂಗಳ, ಸಿಕ್ಕಲ್ಲಿ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ. ಹೋಲಿಸಿ ನೋಡಿದರೆ ನಮ್ಮ ರಾಜ್ಯ ಮಾಡಿದ್ದರಲ್ಲಿ ಬುದ್ಧಿವಂತ ಕೆಲಸ ಇದೇ ಅಂತ ನನಗನ್ನಿಸುತ್ತೆ. ಯಾಕೆಂದರೆ ಬಯಲಿನಲ್ಲಿ ಈ ವೈರಸ್ಸು ಹರಡೋದು ಕಷ್ಟ. ಎಲ್ಲರೂ ಡೆಸ್ಕು ಬೆಂಚು ಒರೆಸುತ್ತಿದ್ದ ಕಾಲದಲ್ಲಿ ನಮ್ಮ ಮೇಷ್ಟ್ರುಗಳು ಮರದ ಕೆಳಗೆ ಕೂತಿದ್ದರು.

ತೊಂದರೆ ಇರಲಿಲ್ಲ ಅಂತಲ್ಲ. ಒಬ್ಬರೇ ಮೇಷ್ಟ್ರು ಒಂದೇ ದಿನ ಎರಡು ಮೂರು ಕೇರಿ ಸುತ್ತಬೇಕಾದರೆ ಅವರೇ ಸೋಂಕು ಹೊತ್ತು ಹೋಗೋ ಸಾಧ್ಯತೆ. ಮಳೆ ಬಂದರೆ ಎಲ್ಲರೂ ಒಂದೇ ಸೂರಿನಡಿ. ಶೌಚಾಲಯ ಇಲ್ಲ, ಬಿಸಿಯೂಟ ಇಲ್ಲ. ಕೆಲವು ಊರುಗಳಲ್ಲಿ 'ಆ ಜಗಲಿಗೆ ಯಾರ ಮಕ್ಕಳು ಹತ್ತಬಹುದು' ಅನ್ನೋ ಹಳೇ ಪ್ರಶ್ನೆಯೂ ಇಣುಕಿ ನೋಡಿತು, ಅದನ್ನು ಯಾರೂ ವರದಿಯಲ್ಲಿ ಬರೆಯೋದಿಲ್ಲ. ಶಾಲೆಯ ಕಾಂಪೌಂಡಿಗೆ ಇರೋ ದೊಡ್ಡ ಗುಣ ಅದು, ಅದು ಎಲ್ಲರದ್ದು.

ಅಕ್ಟೋಬರಿನಲ್ಲಿ ಮಕ್ಕಳಿಗೆ, ಶಿಕ್ಷಕರಿಗೆ ಸೋಂಕು ತಗುಲಿದ ಸುದ್ದಿ ಬಂದು ಗಲಾಟೆಯಾಗಿ ವಿದ್ಯಾಗಮ ನಿಂತುಹೋಯಿತು. ಅಲ್ಲೇ ತಪ್ಪಿದ್ದು ಅಂತ ನನ್ನ ಅನಿಸಿಕೆ. ರಿಪೇರಿ ಮಾಡೋ ಬದಲು ನಿಲ್ಲಿಸಿಬಿಟ್ಟರು. ಒಬ್ಬ ಶಿಕ್ಷಕರಿಗೆ ಒಂದೇ ಗುಂಪು, ಜಾಗ ಶಾಲೆಯ ಅಂಗಳ, ಐವತ್ತು ದಾಟಿದ ಮತ್ತು ಕಾಯಿಲೆ ಇದ್ದ ಶಿಕ್ಷಕರಿಗೆ ವಿನಾಯಿತಿ, ಇಷ್ಟು ಮಾಡಿದ್ದರೆ ಸಾಕಿತ್ತು. 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲೇ ವಿದ್ಯಾಗಮ ಮತ್ತೆ ಶುರುವಾಯಿತು, ಆದರೆ ಆರರಿಂದ ಒಂಬತ್ತನೇ ಕ್ಲಾಸಿಗೆ ಮಾತ್ರ. ಚಿಕ್ಕವರು ಮತ್ತೆ ಹೊರಗೆ.

ದೊಡ್ಡವರಿಗೆ ಮೊದಲಾ, ಚಿಕ್ಕವರಿಗೆ ಮೊದಲಾ?

ಎಲ್ಲಕ್ಕಿಂತ ಜಾಸ್ತಿ ಜಗಳ ಆಗಬೇಕಾಗಿದ್ದದ್ದು ಇಲ್ಲಿ, ಆದರೆ ನಮ್ಮಲ್ಲಿ ಯಾರೂ ಜಗಳವನ್ನೇ ಆಡಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮೊದಲು ಅಂತ ಎಲ್ಲರೂ ತಲೆಯಾಡಿಸಿಬಿಟ್ಟೆವು. 2021ರ ಜನವರಿಯಲ್ಲಿ ಹತ್ತು ಮತ್ತು ಹನ್ನೆರಡು, ಫೆಬ್ರವರಿ 1ಕ್ಕೆ ಒಂಬತ್ತು ಮತ್ತು ಹನ್ನೊಂದು, ಫೆಬ್ರವರಿ 22ಕ್ಕೆ ಆರರಿಂದ ಎಂಟು. ಚಿಕ್ಕವರ ಸರದಿ ಬರೋ ಮೊದಲೇ ಎರಡನೇ ಅಲೆ. ಅಲೆ ಇಳಿದ ಮೇಲೆ ಮತ್ತೆ ಅದೇ ಕ್ರಮ: ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಅಕ್ಟೋಬರ್ 25ಕ್ಕೆ ಒಂದರಿಂದ ಐದು, ನವೆಂಬರ್ 8ಕ್ಕೆ ಅಂಗನವಾಡಿ, ಎಲ್‌ಕೆಜಿ, ಯುಕೆಜಿ.

ದೊಡ್ಡವರು ಮೊದಲು ಅನ್ನೋದಕ್ಕೆ ಕಾರಣ ಇಲ್ಲದೇ ಇಲ್ಲ. ಪರೀಕ್ಷೆ ಇದೆ. ಮಾಸ್ಕು ಹಾಕು ಅಂದರೆ ಹಾಕುತ್ತಾರೆ, ದೂರ ಕೂರು ಅಂದರೆ ಕೂರುತ್ತಾರೆ. 2020ರ ಜೂನ್ 25ರಿಂದ ಜುಲೈ 4ರವರೆಗೆ ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದ್ದು ಇದಕ್ಕೆ ದೊಡ್ಡ ಸಾಕ್ಷಿ. ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಅವರನ್ನು ಬೈಯದವರೇ ಇರಲಿಲ್ಲ, ಆದರೂ ಪರೀಕ್ಷೆ ನಡೆದೇ ನಡೆಯಿತು. ಇನ್ನೊಂದು, ಹೈಸ್ಕೂಲು ಬಿಟ್ಟ ಹುಡುಗ ಗಾರೆ ಕೆಲಸಕ್ಕೆ ಹೋದರೆ, ಹುಡುಗಿಗೆ ಮದುವೆ ಗೊತ್ತಾದರೆ, ಅವರು ಮತ್ತೆ ಶಾಲೆಗೆ ಬರೋದು ಕಷ್ಟ. ಇದು ತೂಕದ ಮಾತು. ಇದೊಂದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ.

ಆದರೆ ರೋಗದ ಲೆಕ್ಕದಲ್ಲಿ ನೋಡಿದರೆ ಕ್ರಮ ತಿರುವುಮುರುವು. ಹದಿಹರೆಯದವರಿಂದ ಸೋಂಕು ದೊಡ್ಡವರ ಹಾಗೇ ಹರಡುತ್ತದೆ, ಪುಟ್ಟ ಮಕ್ಕಳಿಂದ ಅಷ್ಟಿಲ್ಲ. 2021ರ ಜುಲೈನಲ್ಲಿ ಐಸಿಎಂಆರ್ ಮಹಾನಿರ್ದೇಶಕ ಬಲರಾಮ್ ಭಾರ್ಗವ ಅವರೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು: ತೆರೆಯೋದಾದರೆ ಪ್ರಾಥಮಿಕ ಶಾಲೆ ಮೊದಲು ತೆರೆಯೋದು ಒಳ್ಳೇದು, ಸಿಬ್ಬಂದಿಗೆಲ್ಲ ಲಸಿಕೆ ಆಗಿರಲಿ. ಡೆನ್ಮಾರ್ಕಿನವರು 2020ರ ಏಪ್ರಿಲ್ 15ಕ್ಕೇ ಚಿಕ್ಕ ಮಕ್ಕಳನ್ನು ಮೊದಲು ಕರೆದಿದ್ದರು. ಸ್ವೀಡನ್ನಿನವರು ಮೊದಲ ಅಲೆಯಲ್ಲೂ ಚಿಕ್ಕವರ ಶಾಲೆ ಮುಚ್ಚಲಿಲ್ಲ. ಐಸಿಎಂಆರ್ ಹೀಗೆ ಹೇಳಿದ ಮರು ತಿಂಗಳೇ ನಾವು ಮೇಲಿನಿಂದ ಕೆಳಕ್ಕೆ ತೆಗೆಯೋಕೆ ಶುರು ಮಾಡಿದೆವು!

ಕಲಿಕೆಯ ಲೆಕ್ಕದಲ್ಲೂ ಅಷ್ಟೇ. ಒಂಬತ್ತನೇ ಕ್ಲಾಸಿನ ಹುಡುಗಿ ಪುಸ್ತಕ ತೆಗೆದು ಓದಿಕೊಳ್ಳಬಲ್ಲಳು. ಒಂದನೇ ಕ್ಲಾಸಿನವನಿಗೆ ಪುಸ್ತಕ ಅಂದರೆ ಚಿತ್ರ ಮಾತ್ರ. ಓದೋಕೆ ಬಂದವರು ಹೇಗೋ ಕಾಯುತ್ತಾರೆ, ಓದೋಕೇ ಬಾರದವರಿಗೆ ಯಾರಾದರೂ ಹೇಳಿಕೊಡಲೇಬೇಕು.

ಚಿಕ್ಕವರನ್ನು ಮೊದಲು ಕರೆಯೋದರಲ್ಲಿ ಒಂದು ತೊಡಕಿದೆ, ನಲಿಕಲಿ. ಒಂದರಿಂದ ಮೂರರವರೆಗೆ ನಮ್ಮ ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ಕೂರೋದಿಲ್ಲ, ತಟ್ಟೆಗಳಾಗಿ (ಗುಂಪಿಗೆ ಅಲ್ಲಿ ಹಾಗನ್ನುತ್ತಾರೆ) ಗುಂಡಗೆ ಕೂತು ಒಂದೇ ಕಾರ್ಡನ್ನು ನಾಲ್ಕು ಜನ ಮುಟ್ಟಿ, ಕಲಿಕಾ ಏಣಿ ಅನ್ನೋ ಹಂತಗಳ ಚಾರ್ಟಿನಲ್ಲಿ ತಮ್ಮ ಜಾಗ ನೋಡಿಕೊಂಡು ಕಲಿಯುತ್ತಾರೆ. ಆರಡಿ ದೂರ ಅಂದರೆ ನಲಿಕಲಿಯೇ ಇಲ್ಲ. ಇಲ್ಲಿ ಗುಂಪು ಬದಲಾಗದ ಹಾಗೆ ನೋಡಿಕೊಳ್ಳೋದೇ ದಾರಿ: ಅದೇ ಐದಾರು ಮಕ್ಕಳು, ಅದೇ ತಟ್ಟೆ, ಅದೇ ಟೀಚರು. ದೂರ ಅಂತ ಮಕ್ಕಳನ್ನು ಗೋಡೆಗೊಬ್ಬರಂತೆ ಕೂರಿಸೋದು ಸುಮ್ನೆ ನಾಟಕ.

ಬ್ಯಾಚು, ಅರ್ಧ ದಿನ

ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರ ಆಗಸ್ಟಿನಲ್ಲಿ ಹದಿನೈದು ಇಪ್ಪತ್ತು ಮಕ್ಕಳ ಬ್ಯಾಚು, ಅರ್ಧ ದಿನದ ಕ್ಲಾಸು, ಪಿಯುನಲ್ಲಿ ದಿನ ಬಿಟ್ಟು ದಿನ ಇತ್ತು. ಸೆಕ್ಷನ್ನಿಗೆ ನಲವತ್ತೈದು ಮಕ್ಕಳಿರೋ ನಗರದ ಶಾಲೆಗೆ ಇದು ಬೇಕು. ಮಲೆನಾಡಿನ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಟ್ಟು ಮಕ್ಕಳೇ ಇಪ್ಪತ್ತಿಲ್ಲ, ಅಲ್ಲಿ ಬ್ಯಾಚು ಯಾರಿಗೆ? ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಬ್ಬನಿಗೆ ಸೋಮವಾರ, ಇನ್ನೊಬ್ಬಳಿಗೆ ಗುರುವಾರ ಬಂದರೆ ಕೂಲಿಗೆ ಹೋಗೋ ತಾಯಿಗೆ ವಾರವೆಲ್ಲ ಹಾಳು. ಬ್ಯಾಚು ಮಾಡೋದಾದರೆ ಮನೆ ಲೆಕ್ಕದಲ್ಲಿ ಮಾಡಿ, ರೋಲ್ ನಂಬರ್ ಲೆಕ್ಕದಲ್ಲಿ ಬೇಡ.

ತೀರ್ಮಾನ ಯಾರದ್ದು?

ಮೂರು ರೀತಿ ನೋಡಿದ್ದೇವೆ. ರಾಜ್ಯಕ್ಕೆಲ್ಲ ಒಂದೇ ದಿನಾಂಕ. ಜಿಲ್ಲೆಯ ಪಾಸಿಟಿವಿಟಿ ದರ, ಅಂದರೆ ಟೆಸ್ಟ್ ಮಾಡಿದವರಲ್ಲಿ ನೂರಕ್ಕೆ ಎಷ್ಟು ಜನಕ್ಕೆ ಸೋಂಕು ಅನ್ನೋ ಲೆಕ್ಕ. ಮತ್ತೆ ಊರಿನ ಮಟ್ಟದ ತೀರ್ಮಾನ.

2021ರ ಆಗಸ್ಟಿನಲ್ಲಿ ಶೇ 2ಕ್ಕಿಂತ ಕಮ್ಮಿ ಪಾಸಿಟಿವಿಟಿ ಇರೋ ಜಿಲ್ಲೆಯಲ್ಲಿ ಮಾತ್ರ ತೆಗೆಯಿರಿ ಅಂದರು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಹಾಸನ, ಚಿಕ್ಕಮಗಳೂರು ಹೊರಗುಳಿದವು. ರಾಜ್ಯಕ್ಕೊಂದೇ ಬೀಗ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಜಿಲ್ಲೆ ಅಂದರೆ ಸಣ್ಣದಾ? ಕೇರಳದ ಗಡಿ, ಮಂಗಳೂರು ನಗರ, ಘಟ್ಟದ ಬುಡದ ಹಳ್ಳಿ, ಮೂರಕ್ಕೂ ಒಂದೇ ನಂಬರು. ಮೇಲಾಗಿ ಆ ದರ ಯಾರನ್ನು ಟೆಸ್ಟ್ ಮಾಡುತ್ತೀರಿ ಅನ್ನೋದರ ಮೇಲೆ ಏರುತ್ತೆ, ಇಳಿಯುತ್ತೆ. ಮಹಾರಾಷ್ಟ್ರದಲ್ಲಿ 2021ರ ಜುಲೈ 15ರಿಂದ ಒಂದು ತಿಂಗಳಿಂದ ಕೇಸಿಲ್ಲದ ಹಳ್ಳಿಗಳಲ್ಲಿ ಎಂಟರಿಂದ ಹನ್ನೆರಡನೇ ಕ್ಲಾಸು ತೆಗೆಯೋಕೆ ಬಿಟ್ಟರು, ಊರಿನ ಮಟ್ಟದಲ್ಲೇ ಮಾತಾಡಿಕೊಂಡು. ನಮ್ಮಲ್ಲೂ ಓಮಿಕ್ರಾನ್ ಹೊತ್ತಿಗೆ ಬುದ್ಧಿ ಬಂದಿತ್ತು: 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತರವರೆಗೆ ಮುಚ್ಚಿದರು, ಬೇರೆ ಕಡೆ ಜಿಲ್ಲಾಧಿಕಾರಿಗಳಿಗೆ ಬಿಟ್ಟರು, ಬೆಂಗಳೂರಿನದ್ದೂ ತಿಂಗಳ ಕೊನೆಗೆ ತೆರೆಯಿತು.

ಊರಿನವರ ಕೈಗೆ ಕೊಟ್ಟರೆ ಭಯಕ್ಕೆ ಯಾರೂ ತೆಗೆಯೋದೇ ಇಲ್ಲ ಅನ್ನೋ ವಾದ ಇದೆ. ಆಗಲೂಬಹುದು. ಅದಕ್ಕೇ ತೆಗೆಯೋದು ರೂಢಿ, ಮುಚ್ಚೋದಕ್ಕೆ ಕಾರಣ ಬರೆದು ಕೊಡಿ ಅಂತ ನಿಯಮ ಇರಬೇಕು. ಒಂದು ಕೇಸು ಬಂತು ಅಂತ ಶಾಲೆಯನ್ನೇ ಮುಚ್ಚೋದು ಬೇಡ, ಆ ಕ್ಲಾಸು ಮಾತ್ರ ಕೆಲವು ದಿನ. ವಸತಿ ಶಾಲೆ, ಹಾಸ್ಟೆಲ್ ಮಾತ್ರ ಬೇರೆ ಲೆಕ್ಕ. ಒಂದೇ ಹಾಲಿನಲ್ಲಿ ಮಲಗಿ ಒಟ್ಟಿಗೆ ಉಣ್ಣೋ ಕಡೆ ಹಬ್ಬೋದು ಬೇಗ, 2021ರ ಡಿಸೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಹತ್ತಾರು ಮಕ್ಕಳಿಗೆ ಒಟ್ಟಿಗೇ ಬಂದಿತ್ತು. ಅವನ್ನು ಕೊನೆಗೆ ತೆಗೆಯಿರಿ.

ಮಗುವನ್ನು ಶಾಲೆಗೆ ಕಳಿಸೋಕೆ ಪೋಷಕರಿಂದ ಬರೆಸಿಕೊಳ್ಳುತ್ತಿದ್ದ ಒಪ್ಪಿಗೆ ಪತ್ರದ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಒಂದು ಸಭೆಯಲ್ಲಿ ಒಬ್ಬ ತಾಯಿ ಆ ಚೀಟಿ ಹಿಡಿದು, 'ಸಾರ್, ಏನಾದ್ರೂ ಆದ್ರೆ ನಿಮ್ಮ ಮೇಲೆ ಬರಲ್ಲ ಅಂತ ತಾನೇ ಇದು?' ಅಂದರು. ಹೆಡ್‌ಮೇಷ್ಟ್ರು ಉತ್ತರ ಕೊಡಲಿಲ್ಲ. ಪತ್ರ ತಗೊಳ್ಳಿ, ಬೇಡ ಅನ್ನೋದಿಲ್ಲ, ಆದರೆ ಅದರಲ್ಲಿ ಶಾಲೆ ಏನು ಮಾಡುತ್ತದೆ ಅಂತಲೂ ನಾಲ್ಕು ಸಾಲು ಇರಲಿ.

ತೆಗೆಯೋದಾದರೆ ಕಿಟಕಿಯಿಂದ ಶುರು ಮಾಡಿ

2020ರ ಮೇನಲ್ಲಿ ಇಸ್ರೇಲ್ ಶಾಲೆಗಳನ್ನು ತೆಗೆದಾಗ ಜೆರುಸಲೇಮಿನ ಒಂದು ಹೈಸ್ಕೂಲಿನಲ್ಲಿ 153 ಮಕ್ಕಳಿಗೆ, 25 ಸಿಬ್ಬಂದಿಗೆ ಸೋಂಕು ಬಂತು. ಆಗ ವಿಪರೀತ ಸೆಖೆ, ಮಾಸ್ಕಿಗೆ ವಿನಾಯಿತಿ ಕೊಟ್ಟಿದ್ದರು, ಕೋಣೆಗಳಲ್ಲಿ ದಿನವಿಡೀ ಎಸಿ. ನಮ್ಮಲ್ಲಿ ಶಾಲೆ ತೆಗೆಯೋ ಮೊದಲು ಏನು ಮಾಡಿದೆವು? ಹೈಪೋಕ್ಲೋರೈಟ್ ಅನ್ನೋ ಕ್ರಿಮಿನಾಶಕ ಸಿಂಪಡಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದೆವು. ಗೇಟಿನಲ್ಲಿ ಹಣೆಗೆ ಥರ್ಮಲ್ ಗನ್ ಹಿಡಿದೆವು. ಈ ವೈರಸ್ಸು ಜಾಸ್ತಿ ಹರಡೋದು ಮುಚ್ಚಿದ ಕೋಣೆಯ ಗಾಳಿಯಲ್ಲಿ, ಹಾಗಾಗಿ ಇದರಿಂದ ಸಿಕ್ಕಿದ್ದು ಧೈರ್ಯ ಅಷ್ಟೇ.

ಹಳೇ ಹೆಂಚಿನ ಕೋಣೆಯ ಸರ್ಕಾರಿ ಶಾಲೆ ಈ ವಿಷಯದಲ್ಲಿ ಶ್ರೀಮಂತ: ಎತ್ತರದ ಮಾಡು, ಎರಡೂ ಕಡೆ ಮರದ ಕಿಟಕಿ. ಆದರೆ ಒಳಗೆ ಹೋಗಿ ನೋಡಿ, ಒಂದು ಕಡೆಯ ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಬೀರು ನಿಂತಿರುತ್ತೆ, ಅದರ ಮೇಲೆ ಚಾರ್ಟುಗಳ ಸುರುಳಿ, ಹಳೇ ಗ್ಲೋಬು. ಆ ಬೀರು ಸರಿಸೋದಕ್ಕೆ ನಾಲ್ಕು ಜನ ಸಾಕು. ನಗರದ ಶಾಲೆಯಲ್ಲಿ ಕಾರಿಡಾರಿನ ಎರಡೂ ಕಡೆ ಕೋಣೆ, ಜಾರೋ ಗಾಜಿನ ಕಿಟಕಿ ಅರ್ಧ ಮಾತ್ರ ತೆರೆಯುತ್ತೆ. ಫೀಸು ಕಟ್ಟೋ ಪೋಷಕರು ಸ್ಯಾನಿಟೈಸರ್ ಯಾವ ಕಂಪನಿದು ಅಂತ ಕೇಳೋ ಬದಲು ಈ ಕಿಟಕಿ ಬಗ್ಗೆ ಕೇಳಬೇಕು, ಆಮೇಲೆ ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತೀರಿ ಅಂತ.

ಬಿಸಿಯೂಟವನ್ನು ಶಾಲೆ ತೆಗೆದ ದಿನವೇ ಶುರು ಮಾಡಬೇಕು. ನಮ್ಮಲ್ಲಿ ಕ್ಲಾಸು ಶುರುವಾದದ್ದು 2021ರ ಆಗಸ್ಟಿನಲ್ಲಿ, ಊಟ ಬಂದದ್ದು ಅಕ್ಟೋಬರಿನ ಕೊನೆಗೆ. ಮಧ್ಯೆ ಅಕ್ಕಿ ಬೇಳೆ ಮನೆಗೆ ಕೊಟ್ಟರು ನಿಜ, ಆದರೆ ಅದು ಇಡೀ ಮನೆಯ ಪಾತ್ರೆಗೆ ಹೋಗುತ್ತದೆ, ಮಗುವಿನ ತಟ್ಟೆಗೆ ಎಷ್ಟು ಬಂತು ಅಂತ ಯಾರು ನೋಡಿದರು? ಅಂಗಳದಲ್ಲಿ ಸಾಲಾಗಿ ಕೂರಿಸಿ ಬಡಿಸಿದರೆ ಗಾಳಿಯೂ ಆಯಿತು, ಊಟವೂ ಆಯಿತು.

ಕೊನೆಯದಾಗಿ ಪಾಠ. 2022ರ ಮೇ 16ಕ್ಕೆ, ಎರಡು ವಾರ ಮುಂಚೆಯೇ ಶಾಲೆ ಶುರು ಮಾಡಿ 'ಕಲಿಕಾ ಚೇತರಿಕೆ' ಅಂತ ಮಾಡಿದರು, ಹಿಂದಿನ ಎರಡು ವರ್ಷ ತಪ್ಪಿಹೋದದ್ದನ್ನು ಮೊದಲು ತುಂಬಿಸೋಕೆ. ಮುಂದಿನ ಸಲ ಇದು ತೆಗೆದ ಮೊದಲ ದಿನವೇ ಇರಲಿ. ಮೂರನೇ ಕ್ಲಾಸಿನಲ್ಲಿ ಕೂತಿದೆ ಅಂತ ಮಗುವಿಗೆ ಮೂರನೇ ಕ್ಲಾಸಿನ ಪುಸ್ತಕ ಕೊಡಬೇಡಿ, ಯಾವ ಅಕ್ಷರದ ಹತ್ತಿರ ನಿಂತಿದೆ ಅಂತ ನೋಡಿ ಅಲ್ಲಿಂದ ಹಿಡಿಯಿರಿ, ಸಿಲೆಬಸ್ ಮುಗಿಯಲಿಲ್ಲ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೇಳಿದರೆ ಉತ್ತರ ಹೇಳೋಕೆ ಎಸ್‌ಡಿಎಂಸಿಯವರೂ ಮೇಷ್ಟ್ರ ಜೊತೆ ಹೋಗಿ.